ಸೊನ್ನೆ ಕೂಗುವ ಮೇಜು

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ನಮ್ಮ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತು. ನಾನೂ ಇಲ್ಲವೆನ್ನುವುದಿಲ್ಲ. ಪೀಣ್ಯದಲ್ಲಿ ಇಪ್ಪತ್ತೆರಡು ವರ್ಷದಿಂದ ಅಳತೆ ನೋಡುವ ಕೆಲಸ ನನ್ನದು. ಲೇತ್ ಮೇಲಿಂದ ಇಳಿದ ಪ್ರತಿಯೊಂದು ತುಂಡೂ ನನ್ನ ಮೇಜಿಗೆ ಬಂದು, ಸರಿಯಿದ್ದರೆ ಹಸಿರು ಚೀಟಿ, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಗಿದ್ದರೂ ಕೆಂಪು ಚೀಟಿ ಅಂಟಿಸಿಕೊಂಡು ಹೋಗಬೇಕು. "ಮೇಡಂ, ಇದೊಂದು ಬಿಟ್ಬಿಡಿ, ಅಡ್ಜಸ್ಟ್ ಆಗತ್ತೆ" ಎಂದು ಯಾರಾದರೂ ಹಲ್ಲು ಗಿಂಜಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಡ್ಜಸ್ಟ್ ಆಗುವುದಾದರೆ ನಾನು ಯಾಕೆ ಇಲ್ಲಿ ಕೂತಿರಬೇಕು, ಎಂದು ಅಲ್ಲೇ ಎರಡು ಮಾತು ಬೈದು ಕಳಿಸುತ್ತೇನೆ.

ಈ ಬಾಯಿಯಿಂದಲೇ ನನಗೆ ಭಾನುವಾರದ ಕೆಲಸವೂ ಸಿಕ್ಕಿದ್ದು. ನಮ್ಮ ಓನರಿಗೆ ಕಾರ್ ರೇಸಿನ ಹುಚ್ಚು. ಟೀವಿಯಲ್ಲಿ ತೋರಿಸುವ ನುಣುಪಾದ ಟ್ರ್ಯಾಕಿನ ರೇಸಲ್ಲ, ಮಣ್ಣಿನ ಟ್ರ್ಯಾಕಿನದು. ತುಮಕೂರು ರಸ್ತೆಯಲ್ಲಿ ನೆಲಮಂಗಲ ದಾಟಿದ ಮೇಲೆ ಒಂದು ಬಯಲಿದೆ. ಲೇಔಟ್ ಆಗುತ್ತದೆಂದು ಕಲ್ಲು ನೆಟ್ಟರು, ಅದು ಆಗಲಿಲ್ಲ. ಅಲ್ಲಿ ನಮ್ಮ ಓನರೂ ಅವರ ಗೆಳೆಯರೂ ಸೇರಿ ವರ್ಷಕ್ಕೆ ನಾಲ್ಕೈದು ಸಲ ರೇಸ್ ನಡೆಸುತ್ತಾರೆ. ಓಡಿಸುವವರು ಶೋಕಿಗೆ ಬಂದವರಲ್ಲ. ಗ್ಯಾರೇಜಿನವರು ಸಂಬಳ ಕೊಟ್ಟು ಇಟ್ಟುಕೊಂಡಿರುವ ಡ್ರೈವರುಗಳು, ಕೈಯಲ್ಲಿ ರೇಸಿನ ಲೈಸೆನ್ಸ್ ಇರುವವರು. ಅವರಿಗೆಲ್ಲ ನಿಯಮ ಒಂದೇ: ಸೀಟಿನಲ್ಲಿ ಕೂರುವ ಮೊದಲು, ಕುಡಿದಿದ್ದಾರೆಯೇ ಎಂದು ಉಸಿರಿನಲ್ಲೇ ಅಳೆಯುವ ಮೆಷಿನ್ನಿಗೆ ಊದಬೇಕು. ಸೊನ್ನೆ ಬಂದರೆ ಕೀಲಿ. ಸೊನ್ನೆಗಿಂತ ಒಂದು ಚೂರು ಮೇಲೆ ಬಂದರೂ ಮನೆಗೆ.

"ಊದ್ಸೋಕೆ ನಿಮ್ಮನ್ನ ಬಿಟ್ರೆ ಇನ್ಯಾರೂ ಸರಿಯಿಲ್ಲ ಮೇಡಂ. ನಿಮಗೆ ದಾಕ್ಷಿಣ್ಯ ಅನ್ನೋದೇ ಇಲ್ವಲ್ಲ" ಎಂದರು ಓನರು. ಹೊಗಳಿದರೋ ಬೈದರೋ ಇವತ್ತಿಗೂ ಗೊತ್ತಾಗಿಲ್ಲ.

ಒಪ್ಪಿಕೊಂಡಿದ್ದಕ್ಕೆ ನನ್ನದೇ ಕಾರಣವಿತ್ತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಪಕ್ಕದ ಶೆಡ್ಡಿನಲ್ಲಿ ತಗಡು ಒತ್ತುವ ಪ್ರೆಸ್ ಓಡಿಸುವವನೊಬ್ಬ ಎರಡು ಬೆರಳು ಕಳೆದುಕೊಂಡ. ಆ ದಿನ ಅವನು ಕುಡಿದಿರಲಿಲ್ಲ. ಹಿಂದಿನ ಸಂಜೆ ಯಾರದೋ ಆರತಕ್ಷತೆಯಲ್ಲಿ ಕುಡಿದಿದ್ದನಂತೆ, ಅಷ್ಟೇ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ನಗುನಗುತ್ತಲೇ ಬಂದಿದ್ದ. ಕಣ್ಣು ಕೆಂಪಾಗಿರಲಿಲ್ಲ, ಕಾಲು ತಡವರಿಸುತ್ತಿರಲಿಲ್ಲ. ಕೈಯನ್ನು ಹಿಂದೆಗೆಯಬೇಕಾದ ಒಂದು ಕ್ಷಣ ಮಾತ್ರ ತಡವಾಯಿತು. ಪ್ರೆಸ್ಸಿನ ಮುಂದೆಯೇ ಹೀಗಾದರೆ, ಧೂಳಿನಲ್ಲಿ ಮೂತಿಗೆ ಮೂತಿ ತಾಕಿಸಿಕೊಂಡು ಹೋಗುವ ಆರು ಕಾರುಗಳ ನಡುವೆ ಆ ಒಂದು ಕ್ಷಣ ಏನು ಮಾಡೀತು ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಕಾರಣಕ್ಕೆ ಹ್ಞೂಂ ಅಂದೆ.

ಊದಿಸುವುದನ್ನು ಕಲಿಸಲು ಅರ್ಧ ದಿನದ ತರಬೇತಿಯೂ ಇತ್ತು. ಕಲಿಸಿದ ಹುಡುಗಿ ಚೆನ್ನಾಗಿಯೇ ಹೇಳಿದಳು. ಒಬ್ಬೊಬ್ಬರಿಗೂ ಹೊಸ ಪ್ಲಾಸ್ಟಿಕ್ ಕೊಳವೆ. ಊದುವ ಮೊದಲು ಏನೂ ತಿಂದಿರಬಾರದು. ಕೆಮ್ಮಿನ ಸಿರಪ್ಪಿನಿಂದಲೂ ಬಾಯಿ ಮುಕ್ಕಳಿಸುವ ಔಷಧಿಯಿಂದಲೂ ಸುಳ್ಳು ಅಂಕಿ ಬರಬಹುದು. ಅದಕ್ಕೇ ಅಂಕಿ ಬಂದವರನ್ನು ಒಮ್ಮೆಗೇ ಕಳಿಸಬಾರದು. ಬರೀ ನೀರಿನಲ್ಲಿ ಬಾಯಿ ತೊಳೆಸಿ, ಕಾಲು ಗಂಟೆ ಕಣ್ಣೆದುರೇ ಕೂರಿಸಿ, ಮತ್ತೊಮ್ಮೆ ಊದಿಸಬೇಕು. ಆ ಎರಡನೆಯದೇ ಕೊನೆಯ ಮಾತು. ಇಷ್ಟನ್ನೆಲ್ಲ ಬರೆದುಕೊಂಡೆ. ಕೊನೆಗೆ "ಈಗ ಮೆಷಿನ್ ಕ್ಲೀನ್ ಮಾಡೋದು ಹೇಗೆ ಅಂತ ಹೇಳ್ತೀನಿ" ಎಂದಾಗ ಮಾತ್ರ ಪುಸ್ತಕ ಮುಚ್ಚಿ ಕಾಫಿಗೆ ಎದ್ದುಬಿಟ್ಟೆ. ಅಳತೆಯ ಸಾಮಾನು ಒರೆಸುವುದನ್ನು ನನಗೆ ಕಲಿಸುತ್ತಾಳಂತೆ! ಮೈಕ್ರೋಮೀಟರಿನ ಮೂತಿಯನ್ನು ಸ್ಪಿರಿಟ್ಟಿನ ಬಟ್ಟೆಯಲ್ಲಿ ಒರೆಸದೆ ನಾನು ಒಂದು ಅಳತೆಯನ್ನೂ ತೆಗೆದವಳಲ್ಲ. ಬೆಳಿಗ್ಗೆ ಒಮ್ಮೆ, ಊಟದ ಮೇಲೆ ಒಮ್ಮೆ, ಅನುಮಾನ ಬಂದಾಗಲೆಲ್ಲ ಒಮ್ಮೆ. ಪೀಣ್ಯದಲ್ಲಿ ಅಳತೆಯ ಕೋಣೆ ಎಲ್ಲಿದೆ ಎಂದು ಕಣ್ಣುಮುಚ್ಚಿ ಸ್ಪಿರಿಟ್ಟಿನ ವಾಸನೆ ಹಿಡಿದೇ ಕಂಡುಹಿಡಿಯಬಹುದು.

ರೇಸಿನ ಭಾನುವಾರಗಳು ನನಗೆ ಹಿಡಿಸಿಬಿಟ್ಟವು. ದಾಸರಹಳ್ಳಿಯ ನಮ್ಮ ಬೀದಿ ಏಳುವ ಮೊದಲೇ ಕಂಪನಿಯ ಟೆಂಪೋ ಬಂದು ಹಾರ್ನ್ ಹೊಡೆಯುತ್ತಿತ್ತು. ಬಯಲಿನ ಹತ್ತಿರ ಬಿಸಿ ತಟ್ಟೆ ಇಡ್ಲಿ, ಮೇಲೆ ಬೆಣ್ಣೆ. ಆಮೇಲೆ ಶಾಮಿಯಾನದ ಕೆಳಗೆ ನನ್ನ ಮೇಜು. ಮೇಜಿನ ಇನ್ನೊಂದು ತುದಿಗೆ ಆ ಬಯಲಿನ ಒಡೆಯರಾದ ಗೌಡರು. ಅವರ ಅಪ್ಪನ ಕಾಲದಲ್ಲಿ ಅಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ಈಗ ಊರೊಳಗೆ ಹದಿನಾರು ಬಾಡಿಗೆ ಮನೆ ಇದ್ದರೂ ಸುಮ್ಮನೆ ಕೂರಲಾಗದ ಮನುಷ್ಯ. "ಜಾಗ ಕೊಡ್ತೀನಿ, ಆದ್ರೆ ನಂಗೂ ಒಂದ್ ಕೆಲ್ಸ ಕೊಡ್ಬೇಕು" ಎಂದು ಹಟ ಹಿಡಿದು ಬರೆಯುವ ಕೆಲಸ ಗಿಟ್ಟಿಸಿಕೊಂಡಿದ್ದರು. ನಾನು ಅಂಕಿ ಕೂಗುವುದು, ಅವರು ಪುಸ್ತಕದಲ್ಲಿ ಬರೆಯುವುದು. ಕಾರ್ಖಾನೆಯಲ್ಲೂ ಹಾಗೆಯೇ. ಅಳೆಯುವವರು ಕೂಗಬೇಕು, ಬರೆಯುವವರು ಬರೆಯಬೇಕು. ಲೇತುಗಳ ಗದ್ದಲದಲ್ಲಿ ಕೂಗಿ ಕೂಗಿ ನನ್ನ ಗಂಟಲು ಹಾಗೇ ಪಳಗಿಹೋಗಿದೆ. "ಸೊನ್ನೆ!" ಎಂದರೆ ಬಯಲಿನ ಆಚೆ ತುದಿಯಲ್ಲಿ ಟೀ ಕುಡಿಯುವವರಿಗೂ ಕೇಳುತ್ತಿತ್ತು.

ಡ್ರೈವರುಗಳು ಮೊದಮೊದಲು ಮುಖ ಸಿಂಡರಿಸಿದರು. ಬರಬರುತ್ತಾ ತಮಾಷೆಗಿಳಿದರು. "ಏನ್ ಗುರು, ಊದಮ್ಮ ಬಂದ್ರಾ?" ಎಂದು ಹಿಂದೆ ಕರೆಯುವುದೂ ನನಗೆ ಕೇಳಿಸುತ್ತಿತ್ತು. ಕೇಳಿಸದವಳ ಹಾಗೆ ಇರುತ್ತಿದ್ದೆ. ಊದಮ್ಮ ಎಂದರೆ ಎಂದುಕೊಳ್ಳಲಿ, ಊದಿದರೆ ಸಾಕು.

ಅವರಲ್ಲಿ ಒಬ್ಬ ಡ್ರೈವರು ಕೊಪ್ಪಳದ ಕಡೆಯವನು. ವಾರದ ದಿನಗಳಲ್ಲಿ ಪೀಣ್ಯದ ಒಂದು ಗ್ಯಾರೇಜಿನಲ್ಲಿ ಕೆಲಸ, ರೇಸಿದ್ದಾಗ ಅದೇ ಗ್ಯಾರೇಜಿನ ಕಾರು ಓಡಿಸುವುದು. ಮೂವತ್ತೈದರ ಆಸುಪಾಸು, ತೆಳ್ಳನೆಯ ಆಳು. ಉಳಿದವರು ಊದಿ ಸರಸರನೆ ಹೋಗಿಬಿಟ್ಟರೆ ಇವನು ಮಾತ್ರ ಕೊಳವೆಯನ್ನು ಬಾಯಿಗಿಡುವ ಮೊದಲು ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದ: "ಜೋರ ಹೇಳ್ರಿ ಮೇಡಂ." ನಾನು "ಸೊನ್ನೆ!" ಎಂದು ಕೂಗಿದ ಮೇಲೆ ಸುತ್ತಲೂ ಒಮ್ಮೆ ನೋಡುತ್ತಿದ್ದ, ಯಾರ್‍ಯಾರು ಕೇಳಿಸಿಕೊಂಡರು ಎಂದು. ಎಂಥ ಜಂಬ ಇವನಿಗೆ ಎಂದುಕೊಳ್ಳುತ್ತಿದ್ದೆ.

ಆ ಭಾನುವಾರ ಅವನ ಜೊತೆ ಅವನ ಹೆಂಡತಿಯೂ ಬಂದಿದ್ದಳು. ಹಸಿರು ಸೀರೆ, ಕೈಯಲ್ಲಿ ಬಟ್ಟೆಯ ಚೀಲ. ಮೇಜಿನಿಂದ ಹತ್ತು ಮಾರು ದೂರದಲ್ಲಿ ಕಟ್ಟಿದ್ದ ಟೇಪಿನ ಆಚೆ ನಿಂತಿದ್ದಳು. ಸಾಲಿನಲ್ಲಿ ಅವನ ಸರದಿ ಬಂದಾಗ ಮೇಜಿನ ಮೇಲೆ ಬಾಗಿ, ಗುಟ್ಟು ಹೇಳುವವನಂತೆ ಹೇಳಿದ:

"ಮೇಡಂ, ಇವತ್ತ ನಮ್ಮ ಮನಿಯಾಕಿ ಬಂದಾಳ್ರಿ. ಅಕಿಗೆ ಕೇಳೂಹಂಗ ಹೇಳ್ರಿ. ನಾ ಕುಡಿಯೂದು ಬಿಟ್ಟು ಮೂರು ವರ್ಷಾತು. ನಾ ಎಷ್ಟ ಹೇಳಿದ್ರೂ ಅಕಿ ಮನಸಿನ್ಯಾಗ ಒಂದು ಅನುಮಾನ ಇದ್ದ ಐತ್ರಿ. ನಿಮ್ಮ ಬಾಯಿಲೆ ಕೇಳಲಿ ಅಂತ ಕರ್ಕೊಂಡ ಬಂದೀನಿ."

ಅವನ ಜಂಬದ ಅರ್ಥ ನನಗೆ ಆಗ ಆಯಿತು. ಮೂರು ವರ್ಷದಿಂದ ಒಂದು ಸೊನ್ನೆಯನ್ನು ಎಲ್ಲರಿಗೂ ಕೇಳಿಸಿ, ಕೊನೆಗೆ ಕೇಳಬೇಕಾದವಳನ್ನೇ ಕರೆತಂದಿದ್ದ. ಮನಸ್ಸು ಕರಗಿತು. "ಆಯ್ತು ಬಿಡಪ್ಪಾ, ನೆಲಮಂಗಲಕ್ಕೇ ಕೇಳೋ ಹಾಗೆ ಹೇಳ್ತೀನಿ" ಎಂದೆ.

ಅಷ್ಟರಲ್ಲಿ ಟ್ರ್ಯಾಕಿನ ಕಡೆಯಿಂದ ಗಾಳಿ ಎದ್ದು ಕೆಂಪು ಧೂಳು ಮೇಜಿನ ಮೇಲೆಲ್ಲ ಸುರಿಯಿತು. ಗೌಡರು ಪುಸ್ತಕದ ಮೇಲೆ ಟವೆಲ್ ಹೊದಿಸಿ, "ಟ್ಯಾಂಕರ್‌ನೋನು ನೀರೇ ಸರಿಯಾಗ್ ಒಡೆದಿಲ್ಲ" ಎಂದು ಬೈದರು. ಮೆಷಿನ್ನಿನಲ್ಲಿ ಕೊಳವೆ ಸಿಕ್ಕಿಸುವ ಜಾಗದಲ್ಲೂ ಧೂಳು ಕೂತಿತ್ತು. ಪ್ರತಿ ಸಲವೂ ಹಿಂದಿನ ದಿನವೇ ಮನೆಯಲ್ಲಿ ಎಲ್ಲ ಒರೆಸಿಟ್ಟು ತರುತ್ತಿದ್ದೆ, ಬಯಲಿನಲ್ಲಿ ಒರೆಸುವ ಪ್ರಮೇಯ ಬಂದಿರಲಿಲ್ಲ. ಆದರೆ ಈ ಧೂಳಿನಲ್ಲಿ ಹಾಗೇ ಊದಿಸಲು ಮನಸ್ಸಾಗಲಿಲ್ಲ. ಇವನ ಅಳತೆಯಂತೂ ಚೊಕ್ಕವಾಗಿ ಬರಬೇಕು. ಚೀಲದಿಂದ ನನ್ನ ಪುಟ್ಟ ಬಾಟಲಿ ತೆಗೆದು, ಬಟ್ಟೆ ಒದ್ದೆ ಮಾಡಿ, ಆ ಜಾಗವನ್ನು ಒಳಗೂ ಹೊರಗೂ ಚೆನ್ನಾಗಿ ಒರೆಸಿದೆ. ಹೊಸ ಕೊಳವೆ ಸಿಕ್ಕಿಸಿ ಅವನ ಮುಂದೆ ಹಿಡಿದೆ. ಅವನು ಕಣ್ಣುಮುಚ್ಚಿಕೊಂಡು, ದೇವರ ಮುಂದೆ ಶಂಖ ಊದುವವನ ಹಾಗೆ ಊದಿದ.

ನಾನು ಉಸಿರೆಳೆದುಕೊಂಡು ಕೂಗಲು ಬಾಯಿ ತೆರೆದವಳು ಅಂಕಿ ನೋಡಿದೆ. ನೋಡುವುದಕ್ಕೂ ಕೂಗುವುದಕ್ಕೂ ನಡುವೆ ಯೋಚಿಸುವ ಅಭ್ಯಾಸ ನನಗಿಲ್ಲ. ಇಪ್ಪತ್ತೆರಡು ವರ್ಷದ ರೂಢಿ. ಕಂಡದ್ದು ಬಾಯಿಂದ ಹೊರಟೇಹೋಯಿತು:

"ಸೊನ್ನೆ ಪಾಯಿಂಟ್ ಸೊನ್ನೆ ಮೂರು!"

ಗೌಡರ ಪೆನ್ನು ನಿಂತಿತು. ನಾನು ಟೇಪಿನ ಕಡೆ ನೋಡಿದೆ. ಅವನ ಹೆಂಡತಿ ಚೀಲವನ್ನು ಎದೆಗೆ ಅವಚಿಕೊಂಡು ನಿಂತಲ್ಲೇ ನಿಂತಿದ್ದಳು. ಪಕ್ಕದಲ್ಲಿದ್ದ ಯಾರೋ ಅವಳಿಗೆ ಏನೋ ಹೇಳಿದರು. ಅದರ ಅರ್ಥವನ್ನೇ ಹೇಳಿರಬೇಕು.

"ಏನ್ರೀ ಇದು ಮೇಡಂ" ಎಂದ ಅವನು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಕೆಮ್ಮಿನ ಸಿರಪ್ ಏನಾದ್ರೂ ತಗೊಂಡ್ರಾ? ಬಾಯಿ ಮುಕ್ಕಳಿಸೋ ಔಷಧಿ?"

"ಬೇವಿನ ಕಡ್ಡೀಲೆ ಹಲ್ಲ ತಿಕ್ಕೀನ್ರಿ. ಒಂದ ಕಪ್ ಚಾ ಕುಡದೀನಿ. ಬ್ಯಾರೆ ಏನೂ ಇಲ್ರಿ."

ನಿಯಮದ ಪ್ರಕಾರ ನೀರು ಕೊಟ್ಟು ಬಾಯಿ ತೊಳೆಸಿದೆ. ಪಕ್ಕದ ಕುರ್ಚಿಯಲ್ಲಿ ಕೂರಿಸಿದೆ. ಕಾಲು ಗಂಟೆ. ಉಳಿದವರಿಗೆ ಕಾಯಿರಿ ಎಂದೆ. ಅವನು ಮಂಡಿಯ ಮೇಲೆ ಕೈಯಿಟ್ಟುಕೊಂಡು ನೆಲ ನೋಡುತ್ತಾ ಕೂತ. ಹೆಂಡತಿಯ ಕಡೆ ಒಮ್ಮೆಯೂ ತಲೆಯೆತ್ತಲಿಲ್ಲ. ಅವನು ಹಾಗೆ ತಲೆ ತಗ್ಗಿಸಿದ್ದೇ ನನಗೆ ಸಾಕ್ಷಿಯಾಗಿ ಕಂಡಿತು. ಕರಗಿದ್ದ ಮನಸ್ಸು ಒಮ್ಮೆಲೇ ಕುದಿಯತೊಡಗಿತು. ನನ್ನನ್ನೂ ಮೋಸ ಮಾಡಿದನಲ್ಲ, ನನ್ನ ಬಾಯಿಂದಲೇ ಹೆಂಡತಿಗೆ ಸುಳ್ಳು ಹೇಳಿಸಲು ಬಂದನಲ್ಲ! ಆದರೂ ಅನ್ಯಾಯವಾಗಬಾರದು. ಎರಡನೇ ಸಲ ಊದಿಸುವ ಮೊದಲು, ಒಂದು ಧೂಳಿನ ಕಣದ ಅನುಮಾನವೂ ಉಳಿಯಬಾರದೆಂದು, ಮೊದಲಿಗಿಂತ ಹೆಚ್ಚು ಸ್ಪಿರಿಟ್ ಹಾಕಿ ಮೊದಲಿಗಿಂತ ಚೆನ್ನಾಗಿ ಒರೆಸಿದೆ.

ಊದಿದ. ಈ ಸಲ ಅಂಕಿ ಸೊನ್ನೆ ಪಾಯಿಂಟ್ ಸೊನ್ನೆ ಆರು. ಕೂಗಿದೆ.

"ಹೆಂಡ್ತೀನ ಕರ್ಕೊಂಡು ಬಂದು ಅವಳ ಮುಂದೇನೇ ನಾಟಕ ಆಡ್ತೀರಲ್ಲ, ನಾಚಿಕೆ ಆಗಲ್ವಾ?" ಎಂದುಬಿಟ್ಟೆ. ಇದನ್ನು ಬರೆಯುವಾಗಲೂ ನನಗೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಗುತ್ತದೆ. ಆದರೆ ಅಂದದ್ದು ಹೌದು. ಕೆಂಪು ಚೀಟಿ ತೆಗೆದೆ, ಬರೆದೆ, ಸಹಿ ಹಾಕಿದೆ. ಆ ಚೀಟಿ ಮೇಲೆ ಹೋದರೆ ಅವನ ರೇಸಿನ ಲೈಸೆನ್ಸ್ ಅಮಾನತು, ಗ್ಯಾರೇಜಿನವರು ಸೀಟು ಬೇರೆಯವನಿಗೆ ಕೊಡುತ್ತಾರೆ. ಅವನು ಅದರ ಬಗ್ಗೆ ಒಂದು ಮಾತೂ ಎತ್ತಲಿಲ್ಲ. "ಅಕಿಗೇನ ಹೇಳ್ಲಿರಿ ನಾ ಈಗ" ಎಂದಷ್ಟೇ ಕೇಳಿದ. ನನ್ನನ್ನೇ ಕೇಳಿದ.

ಅಷ್ಟರಲ್ಲಿ ಅವಳು ಟೇಪಿನಡಿ ನುಸುಳಿ ಬಂದೇಬಿಟ್ಟಳು. ಓನರು "ಅಮ್ಮ, ಒಳಗೆ ಬರೋ ಹಾಗಿಲ್ಲ" ಎನ್ನುತ್ತಾ ಅಡ್ಡ ಬಂದರೆ ಅವರನ್ನು ಕಣ್ಣೆತ್ತಿಯೂ ನೋಡದೆ ಪಕ್ಕಕ್ಕೆ ಸರಿಸಿದಳು. ನೆಟ್ಟಗೆ ಗಂಡನ ಮುಂದೆ ಹೋಗಿ ನಿಂತಳು. ಬಡಿಯುತ್ತಾಳೆ ಎಂದುಕೊಂಡೆ. ಗೌಡರೂ ಹಾಗೇ ಅಂದುಕೊಂಡರೆಂದು ಕಾಣುತ್ತದೆ, ಕುರ್ಚಿಯನ್ನು ಅರ್ಧ ಅಡಿ ಹಿಂದಕ್ಕೆ ಎಳೆದುಕೊಂಡರು. ಅವಳು ಅವನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ಎಳೆದು, ಬಾಯಿಯ ಹತ್ತಿರ ಮೂಗು ತಂದು ಮೂಸಿದಳು. ಒಮ್ಮೆಯಲ್ಲ, ಎರಡು ಸಲ. ಆಮೇಲೆ ನನ್ನ ಕಡೆ ತಿರುಗಿದಳು.

"ಅಕ್ಕಾರ, ಇವರು ಕುಡದಿಲ್ಲ."

"ನೋಡಮ್ಮಾ, ಮೆಷಿನ್ ತೋರಿಸ್ತಿದೆ. ಎರಡು ಸಲ ತೋರಿಸಿದೆ."

"ಎಂಟು ವರ್ಷ ಕುಡುಕನ ಕೂಡ ಬಾಳೇವು ಮಾಡೀನ್ರಿ ನಾ. ನಿನ್ನಿ ಕುಡದದ್ದು, ಮುಂಜಾನಿ ಕುಡದದ್ದು, ಏಲಕ್ಕಿ ಜಗದು ಮುಚ್ಚಿದ್ದು, ಎಲ್ಲಾ ನಂಗ ಗೊತ್ತಾಗತೈತಿ. ಇವರ ಬಾಯಾಗ ಬೇವಿನ ಕಡ್ಡಿ ವಾಸನಿ ಬಿಟ್ರ ಏನೂ ಇಲ್ಲ. ಕೊಡ್ರಿಲ್ಲೆ ನಿಮ್ಮ ಮಷಿನ್ನ."

ನಾನು ಕೊಡುವ ಮೊದಲೇ ಕೈಯಿಂದ ಕಿತ್ತುಕೊಂಡಳು. ಅದನ್ನೂ ಗಂಡನ ಬಾಯಿಯಂತೆಯೇ ಮೂಗಿನ ಹತ್ತಿರ ಹಿಡಿದು ಮೂಸಿದಳು. ಹುಬ್ಬು ಗಂಟಿಕ್ಕಿದಳು. ಇನ್ನೊಮ್ಮೆ ಮೂಸಿದಳು.

"ಅಯ್ಯ, ಇದರಾಗ ದವಾಖಾನಿ ವಾಸನಿ ಬರಾಕತ್ತೈತಲ್ರೀ! ಸೂಜಿ ಚುಚ್ಚೂ ಮುಂದ ತಿಕ್ಕತಾರ ನೋಡ್ರಿ, ಆ ವಾಸನಿ."

ಮೆಷಿನ್ ತೆಗೆದುಕೊಂಡು ಮೂಸಿದೆ. ಆ ವಾಸನೆ ನನಗೆ ಮೊದಲೂ ಬಂದಿತ್ತು. ಆದರೆ ಅದು ನನ್ನ ದಿನನಿತ್ಯದ ವಾಸನೆ, ನನ್ನ ಕೈಯ ವಾಸನೆ, ನನ್ನ ಸೆರಗಿನ ವಾಸನೆ. ಅದನ್ನು ವಾಸನೆಯೆಂದು ನನ್ನ ಮೂಗು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಸ್ಪಿರಿಟ್ ಎಂದರೆ ಮತ್ತೇನು? ಮದ್ಯದ ಅಕ್ಕತಂಗಿಯೇ ಅಲ್ಲವೇ? ಉಸಿರಿನಲ್ಲಿ ಯಾವುದನ್ನು ಹುಡುಕಬೇಕೋ ಅದನ್ನೇ ನಾನು ಬಾಟಲಿಯಿಂದ ಸುರಿದು ಮೆಷಿನ್ನಿನ ಬಾಯಿಗೆ ಬಳಿದಿದ್ದೆ. ಒಮ್ಮೆ ಬಳಿದಾಗ ಮೂರು, ಹೆಚ್ಚು ಬಳಿದಾಗ ಆರು. ಕಾಲು ಗಂಟೆ ಕಳೆದರೆ ಇಳಿಯಬೇಕಾದ ಅಂಕಿ ಏರಿದಾಗಲಾದರೂ ಅಳತೆಯವಳೆಂದು ಹೇಳಿಕೊಳ್ಳುವ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಕೋಪ ಬಂದಿತ್ತಲ್ಲ, ಬೇರೆ ಯಾವುದಕ್ಕೂ ಜಾಗವಿರಲಿಲ್ಲ. ಅವತ್ತು ಪುಸ್ತಕ ಮುಚ್ಚಿ ಕಾಫಿಗೆ ಎದ್ದುಹೋದ ಹೊತ್ತಿನಲ್ಲಿ ಆ ಹುಡುಗಿ ಇದನ್ನೇ ಹೇಳಿರಬೇಕು.

ಓನರನ್ನು ಪಕ್ಕಕ್ಕೆ ಕರೆದು ಹೇಳಿದೆ. ಅವರು ತಲೆ ಕೆರೆದುಕೊಂಡರು. ಒಳ್ಳೆಯ ಮನುಷ್ಯ, ನನ್ನ ಮರ್ಯಾದೆ ಉಳಿಸಲು ನೋಡಿದರು. "ಮೆಷಿನ್ ಕೈಕೊಡ್ತು ಅಂತ ಬರೆದ್ಬಿಡಿ ಮೇಡಂ. ಇನ್ನೊಂದು ಸ್ಪೇರ್ ಇದ್ಯಲ್ಲ, ಅದ್ರಲ್ಲಿ ಊದ್ಸಿ ಕಳ್ಸೋಣ. ನಿಮ್ಮ ಹೆಸರು ಯಾಕೆ ಮಧ್ಯೆ ಬರ್ಬೇಕು?"

ಒಂದು ಗಳಿಗೆ ನನಗೂ ಹೌದೆನ್ನಿಸಿತು. ಸುಳ್ಳೇಕೆ ಹೇಳಲಿ? ಇಪ್ಪತ್ತೆರಡು ವರ್ಷದಲ್ಲಿ ಒಂದು ಕೆಂಪು ಚೀಟಿಯನ್ನೂ ವಾಪಸು ತೆಗೆದವಳಲ್ಲ ನಾನು. ಆದರೆ ಸಾಲಿನ ಕಡೆ ನೋಡಿದೆ. ಇಪ್ಪತ್ತು ಮಂದಿ ಡ್ರೈವರುಗಳು, ಅವರ ಹಿಂದೆ ಮೆಕ್ಯಾನಿಕ್‌ಗಳು, ಟೇಪಿನ ಆಚೆ ಜನ. ಮೆಷಿನ್ ಕೆಟ್ಟಿತ್ತು ಎಂದರೆ ಅವರೇನು ಹೇಳುತ್ತಾರೆಂದು ನನಗೆ ಗೊತ್ತಿಲ್ಲವೇ? "ಲಕ್ಕಿ ಕಣೋ ಮಗಾ ಅವ್ನು, ಕರೆಕ್ಟಾಗಿ ಅವ್ನು ಊದೋವಾಗ್ಲೇ ಕೆಡ್ತು" ಎನ್ನುತ್ತಾರೆ. ಆ ಮಾತು ಅವನ ಹಿಂದೆ ಊರೆಲ್ಲ ಸುತ್ತುತ್ತದೆ, ಅವನ ಮನೆಯ ಬಾಗಿಲಿಗೂ ಬರುತ್ತದೆ. ನಾನು ಕೂಗಿ ಕೆಡಿಸಿದ್ದನ್ನು ಮೆತ್ತಗೆ ಬರೆದು ಸರಿಮಾಡಲಾಗುವುದಿಲ್ಲ.

ಮೇಜಿಗೆ ವಾಪಸು ಬಂದೆ. ಎಲ್ಲರೂ ನೋಡುವ ಹಾಗೆ ಮೆಷಿನ್ ಎತ್ತಿಹಿಡಿದು, ಬಾಟಲಿ ತೋರಿಸಿ, ಬಟ್ಟೆ ಒದ್ದೆ ಮಾಡಿ, ಮೊದಲಿನ ಹಾಗೆಯೇ ಒರೆಸಿದೆ. ಹೊಸ ಕೊಳವೆ ಸಿಕ್ಕಿಸಿದೆ. ನಾನೇ ಊದಿದೆ. ಹುಟ್ಟಿದಾಗಿನಿಂದ ದೇವಸ್ಥಾನದ ತೀರ್ಥ ಬಿಟ್ಟರೆ ಬೇರೇನೂ ನಾಲಿಗೆಗೆ ಸೋಕಿಸದವಳು. ಅಂಕಿ ನೋಡಿ, ಗಂಟಲಿನಲ್ಲಿದ್ದ ಶಕ್ತಿಯನ್ನೆಲ್ಲ ಸೇರಿಸಿ ಕೂಗಿದೆ:

"ಸೊನ್ನೆ ಪಾಯಿಂಟ್ ಸೊನ್ನೆ ಏಳು!"

ಗೌಡರು ಟವೆಲ್ ಸರಿಸಿ ಪೆನ್ನು ಹಿಡಿದರು. "ಬರೀಲೇನವ್ವ?"

"ಬರೀರಿ."

"ಎಸ್ರು?"

"ನಂದೇ ಬರೀರಿ. ಕಾರಣದ ಜಾಗದಲ್ಲಿ, ಒರೆಸಬಾರದ್ದರಲ್ಲಿ ಒರೆಸಿದ್ದು ಅಂತ ಬರೀರಿ."

ಗೌಡರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಂಗಾರೆ ಅವನಿಗಿಂತ ನೀನೇ ಜಾಸ್ತಿ ಕುಡ್ದಂಗಾಯ್ತಲ್ಲವ್ವಾ" ಎಂದರು. ಅದಕ್ಕೆ ಎದ್ದ ನಗು ನೋಡಬೇಕಿತ್ತು. ಡ್ರೈವರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. "ಊದಮ್ಮ ಔಟ್!" ಎಂದು ಯಾರೋ ಈ ಸಲ ಎದುರಿಗೇ ಕೂಗಿದ. ನನಗೂ ನಗು ಬಂತು, ಅಳುವೂ ಬಂತು, ಎರಡನ್ನೂ ತಡೆಯಲಿಲ್ಲ. ಕೆಂಪು ಚೀಟಿಯನ್ನು ಎಲ್ಲರ ಮುಂದೆ ಹರಿದು, ಅವನ ಎದುರು ನಿಂತು, "ತಪ್ಪಾಯ್ತಪ್ಪಾ. ಅಳತೆಯಲ್ಲೂ ತಪ್ಪಿದೆ, ಮಾತಲ್ಲೂ ತಪ್ಪಿದೆ" ಎಂದೆ. ಅವನು "ಇರಲಿ ಬಿಡ್ರಿ ಮೇಡಂ, ಇರಲಿ ಬಿಡ್ರಿ" ಎನ್ನುತ್ತಾ ನನಗಿಂತ ಹೆಚ್ಚು ಕಂಗಾಲಾದ.

ಸ್ಪಿರಿಟ್ ಬಾಟಲಿಯನ್ನು ಟೆಂಪೋದಲ್ಲಿಟ್ಟು, ಕೈಯನ್ನು ಬರೀ ನೀರಿನಲ್ಲಿ ತಿಕ್ಕಿ ತೊಳೆದು, ಪೆಟ್ಟಿಗೆಯಿಂದ ಇನ್ನೊಂದು ಮೆಷಿನ್ ತೆಗೆದೆ. ಇನ್ನೂ ಕಾಲು ಗಂಟೆ ಕಾದೆವು. ಮೊದಲು ನಾನು ಊದಿದೆ, ಸೊನ್ನೆ ಬಂತು. ಆಮೇಲೆ ಅವನು ಊದಿದ. ಈ ಸಲ ಅಂಕಿಯನ್ನು ನಾನು ಒಂದು ಸಲಕ್ಕೆ ಎರಡು ಸಲ ನೋಡಿ, ಮೂರನೇ ಸಲವೂ ನೋಡಿ, ಟೇಪಿನ ಕಡೆಗೆ ತಿರುಗಿ ಕೂಗಿದೆ. ಆ ಕೂಗಿಗೆ ಮಾರನೆಯ ದಿನ ನನ್ನ ದನಿಯೇ ಏಳಲಿಲ್ಲ.

ಅವನ ರೇಸನ್ನು ಓನರು ಅರ್ಧ ಗಂಟೆ ಮುಂದಕ್ಕೆ ಹಾಕಿದರು. ಆರು ಕಾರಿನಲ್ಲಿ ಅವನದು ಮೂರನೆಯ ಸ್ಥಾನ. ಎರಡನೆಯ ತಿರುವಿನಲ್ಲಿ ಮುಂದಿನ ಕಾರು ಅಡ್ಡ ತಿರುಗಿ ನಿಂತಾಗ ಇವನು ಒಂದು ಮೊಳದ ಅಂತರದಲ್ಲಿ ಬಳಸಿಕೊಂಡು ಹೋದದ್ದನ್ನು ನಾನು ಶಾಮಿಯಾನದ ಕಂಬ ಹಿಡಿದುಕೊಂಡು ನೋಡಿದೆ. ಅವನ ಹೆಂಡತಿ ನನ್ನ ಪಕ್ಕದಲ್ಲೇ ನಿಂತಿದ್ದವಳು ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆ ಒತ್ತಿದ ಗುರುತು ಸಂಜೆವರೆಗೂ ಇತ್ತು.

ಮಧ್ಯಾಹ್ನ ಅವಳು ಮೇಜಿನ ಹತ್ತಿರ ಬಂದು ಚೀಲ ಬಿಚ್ಚಿದಳು. ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಚಟ್ನಿ. ನನಗೂ ಗೌಡರಿಗೂ ಬೇಡ ಬೇಡವೆಂದರೂ ಇಟ್ಟಳು. ಗೌಡರು ರೊಟ್ಟಿ ಎತ್ತಿಕೊಂಡು ಟ್ಯಾಂಕರಿನವನನ್ನು ಬೈಯಲು ಹೊರಟುಹೋದರು. ನಾವಿಬ್ಬರೇ ಉಳಿದೆವು.

"ನಿನ್ನಂಥ ಹೆಂಡ್ತಿ ಸಿಗೋದಕ್ಕೆ ಪುಣ್ಯ ಮಾಡಿರ್ಬೇಕು ಕಣಮ್ಮಾ" ಎಂದೆ. "ನಾನು ಅಷ್ಟು ಜನರ ಮುಂದೆ ಎರಡು ಸಲ ಕೂಗಿದ್ರೂ ನೀನು ನಂಬ್ಲಿಲ್ವಲ್ಲ. ಗಂಡನ ಪರ ಬಂದು ನಿಂತ್ಕೊಂಡ್ಯಲ್ಲ."

ಅವಳು ತಲೆ ಅಲ್ಲಾಡಿಸಿದಳು. ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತಾ ಮೆಲ್ಲಗೆ ಹೇಳಿದಳು:

"ಹಂಗೇನಿಲ್ರಿ ಅಕ್ಕಾರ. ನೀವು ಕೂಗಿದ ಕೂಡ್ಲೆ ನಂಗ ಖರೇನ ಅನಸ್ತು. ಎರಡನೇ ಸಲ ಕೂಗಿದ ಮ್ಯಾಲಂತೂ, ಮುಗೀತು, ನನ್ನ ಹಣೇಬರಾ ಇಷ್ಟ ಅನ್ಕೊಂಡೆ. ಪರವಾಗಿ ನಿಂದ್ರಾಕ ಬಂದಿದ್ದಿಲ್ರಿ ನಾ. ಎಲ್ಲಾರ ಮುಂದ ಮುಖಕ್ಕ ಉಗದು, ಊರಿಗೆ ಬಸ್ ಹತ್ತಬೇಕಂತ ಬಂದಿದ್ದೆ. ಉಗಿಯೂ ಮುಂಚೆ ರೂಢಿ ಮ್ಯಾಲ ಒಮ್ಮೆ ಮೂಸಿದೆ, ಅಷ್ಟ."

"ರೂಢಿ ಅಂದ್ರೆ?"

"ಮೂರು ವರ್ಷದಿಂದ ಒಂದ ದಿನಾನೂ ಬಿಟ್ಟಿಲ್ರಿ. ನಾ ಗಾರ್ಮೆಂಟ್ಸ್‌ದಿಂದ ಮೊದಲ ಬಂದಿರತೀನಿ. ಅವರು ಕೆಲಸ ಮುಗಿಸಿ ಬಂದು ಬಾಗಲದಾಗ ನಿಂತು ಬಾಯಿ ತೆರೀತಾರ. ನಾ ಮೂಸಿ ನೋಡಿ ಒಳಗ ಬಿಡತೀನಿ. ಅವರು ಒಮ್ಮಿನೂ ಸಿಟ್ಟ ಮಾಡಿಲ್ಲ, ನಾನೂ ಒಮ್ಮಿ ಬಿಟ್ಟಿಲ್ಲ." ಅವಳ ಕಣ್ಣು ತುಂಬಿತು. "ಇವತ್ತ ನೋಡ್ರಿ, ಸುಳ್ಳ ಆಪಾದನಿ ಹೊತ್ತು, ಅಷ್ಟ ಮಂದಿ ಮುಂದ ನಾ ಗಲ್ಲ ಹಿಡದ ಎಳದ್ರೂ, ಸಣ್ಣ ಹುಡುಗನಂಗ ಬಾಯಿ ತೆರದ್ರು."

ಅವಳ ಬೆನ್ನು ಸವರಿದೆ.

ಅಷ್ಟರಲ್ಲಿ ಅವನೇ ಬಂದ. ಹೆಲ್ಮೆಟ್ ಕಂಕುಳಲ್ಲಿ, ತಲೆಯಿಂದ ಬೂಟಿನವರೆಗೆ ಕೆಂಪು ಮಣ್ಣು, ಕಣ್ಣಿನ ಸುತ್ತ ಮಾತ್ರ ಎರಡು ಬಿಳಿ ವೃತ್ತ. ರೊಟ್ಟಿ ನೋಡಿ ಹಲ್ಲು ಕಿರಿದ. ಆದರೆ ಕೂರುವ ಮೊದಲು, ಇದೇ ದಿನದ ಕ್ರಮವೆನ್ನುವ ಹಾಗೆ, ಅವಳ ಮುಂದೆ ಬಗ್ಗಿ ಬಾಯಿ ತೆರೆದು ನಿಂತ.

ಅವಳು ಅಂಗೈಯಿಂದ ಅವನ ಮುಖವನ್ನು ಆಚೆ ತಳ್ಳಿದಳು. "ಸರೀರಿ ಆಚಿಗೆ. ಊಟದಾಗ ಮಣ್ಣ ಬೀಳತೈತಿ."

ಅವನಿಗೆ ಅರ್ಥವಾಗಲಿಲ್ಲ. "ಇವತ್ತ ನೋಡಂಗಿಲ್ಲೇನ?"

"ಮುಂಜಾನಿ ನೋಡೀನಲ್ರೀ, ಊರ ಮಂದಿ ಮುಂದ."

"ಹಂಗಾರ ನಾಳೆ?"

"ನಾಳೆನೂ ಇಲ್ಲ, ನಾಡದೂ ಇಲ್ಲ. ಕುಂತು ಉಣ್ರಿ ಸುಮ್ನ."

ಅವನು ಕೂತ. ರೊಟ್ಟಿ ಮುರಿದು, ಬದನೆಕಾಯಿ ಸುತ್ತಿ ಬಾಯಿಗಿಟ್ಟುಕೊಂಡ. ಎರಡು ಸಲ ಅಗಿದವನು ನಿಲ್ಲಿಸಿ ಅವಳ ಮುಖ ನೋಡಿದ.

"ನಾಡದೂ ಇಲ್ಲ?" ಎಂದು ಮತ್ತೆ ಕೇಳಿದ.

"ಇಲ್ರಿ" ಎಂದಳು ಅವಳು.